ನಂದಿಬಟ್ಟಲಿನ ಬುಡ ಬೋಳಿಸಿದ ವರ್ಷ

ಆಗೆಲ್ಲ ಮನೆಗೆ ಗೇಟು, ಕಾಂಪೌಂಡು ಅಂತ ಇರಲಿಲ್ಲ. ಕಿಬ್ಬನಹಳ್ಳಿ ಕಡೆಯ ನಮ್ಮೂರಲ್ಲಿ ಅಂಗಳದ ಮೂಲೆಗೊಂದು ನಂದಿಬಟ್ಟಲು, ಅದೇ ಮರೆ. ಯಾರೂ ಕೈಯಿಡದೆ ಬುಡದಿಂದಲೇ ಕವಲೊಡೆದು ಪೊದೆಯಾಗಿತ್ತು. ಮುಟ್ಟಾದ ಹೆಂಗಸರು ಮೂರು ದಿನ ಅದರ ಹಿಂದೆ ಕೂರಬೇಕು. ತೊಂಬತ್ತರ ಇಸವಿ ಬಂದು ಮನೆಗೆ ಟಿವಿ ಬಂದರೂ ನಮ್ಮಜ್ಜಿಯ ಕಾನೂನು ಬದಲಾಗಿರಲಿಲ್ಲ.

ಚಿಕ್ಕಪ್ಪನ ಹೊಸ ಹೆಂಡತಿ, ನಮ್ಮ ಚಿಕ್ಕವ್ವ, ಕೆಲಸವಿಲ್ಲದೆ ನನ್ನ ಪಾಲಿಗೆ ಸಿಕ್ಕುತ್ತಿದ್ದುದು ಆ ಮೂರು ದಿನವೇ. ಅವಳು ಪೊದೆಯ ಆಚೆ, ನಾನು ಈಚೆ. ನಾನು ಕೊಬ್ಬರಿ ಬೆಲ್ಲ ಎಸೆದರೆ ಸೆರಗೊಡ್ಡಿ ಹಿಡಿಯುವಳು. ಒಗಟು ಹೇಳುವಳು. ನನಗೆ ಹೊಳೆಯದಿದ್ದರೆ, "ನಿನ್ ತಲೇಲಿ ಬರೀ ಕಾಯಿ ನೀರು ಕಣೇ!" ಅಂತ ಬಿದ್ದು ಬಿದ್ದು ನಗುವಳು.

ಆ ನಗು ಜಗಲಿಗೆ ಕೇಳಿತು.

"ಹೊರಗಾದೋಳು ಹಲ್ಲು ಕಿಸೀತಾಳಲ್ಲ!" ಎಂದು ಅಜ್ಜಿ ಅಪ್ಪನನ್ನು ಕರೆದಳು. "ಮಚ್ಚು ತಗಳ್ಳಾ. ಆ ಗಿಡನ ತೆಂಗಿನ ಮರದಂಗ್ ಮಾಡು. ಬುಡ ಚೊಕ್ಕ ಇರ್ಬೇಕು, ತಲೆ ಮೇಲಿರ್ಬೇಕು."

"ಒಂದೇ ಸಲಕ್ಕೆ ಅಷ್ಟ್ ಕಡಿದ್ರೆ ಒಣಗೋಯ್ತದೆ ಕಣವ್ವ."

"ಒಣಗ್ಲಿ ಬುಡು. ಅಲ್ಲಿ ಕೂತೋಳು ನಂಗ್ ಕಾಣ್ಬೇಕು."

ಅಪ್ಪ ದಪ್ಪ ಕಾಂಡ ಒಂದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ನೆಲಮಟ್ಟಕ್ಕೆ ಕಡಿದ. ಆಳೆತ್ತರದವರೆಗೂ ಕೊಂಬೆ ಸವರಿದ. ತುದಿಯಲ್ಲಿ ಕೊಡೆಯಷ್ಟು ಎಲೆ ಬಿಟ್ಟ. ಕಡಿದಲ್ಲೆಲ್ಲ ಬಿಳಿ ಹಾಲು ಸುರಿದು ಅವನ ಕೈ ಅಂಟಂಟಾಯಿತು. ಬಂದವರೆಲ್ಲ ಮರ ಲಕ್ಷಣವಾಗಿದೆ ಎಂದರು.

ಮುಂದಿನ ತಿಂಗಳೂ ಚಿಕ್ಕವ್ವ ಅಲ್ಲೇ ಕೂರಬೇಕಾಯಿತು. ಅಂಗಳದ ತುಂಬ ಕಾಯಿ ಸುಲಿಯುವ ಗಂಡಸರು. ಅವರಲ್ಲೊಬ್ಬ, "ಏನಕ್ಕಾ, ನೆರಳು ಸಾಲ್ತದಾ?" ಎಂದ. ಎಲ್ಲರೂ ನಕ್ಕರು, ಅಜ್ಜಿಯೂ. ಚಿಕ್ಕವ್ವ ಮುಖಕ್ಕೆ ಸೆರಗೆಳೆದುಕೊಂಡು ಅತ್ತ ತಿರುಗಿ ಕೂತಳು. ನಾನು ಎಸೆದ ಕೊಬ್ಬರಿ ಅವಳ ಬೆನ್ನಿಗೆ ತಾಗಿ ಬಿತ್ತು.

ಆಮೇಲೆ ಎರಡು ತಿಂಗಳು ಅವಳು ಹೊರಗೆ ಕೂರಲೇ ಇಲ್ಲ. ಬಸುರಿ ಎಂದುಕೊಂಡಳು ಅಜ್ಜಿ. ಒಬ್ಬಟ್ಟು ಮಾಡಿಸಿದಳು, ಎಳನೀರು ಇಳಿಸಿ ಕುಡಿಸಿದಳು, ಕೇರಿಗೆಲ್ಲ ಸಾರಿಕೊಂಡು ಬಂದಳು. ಒಂದು ದಿನ ಬಚ್ಚಲ ಹಿಂದೆ ಚಿಕ್ಕವ್ವ ಕದ್ದು ಮುಟ್ಟಿನ ಬಟ್ಟೆ ಒಗೆಯುವುದು ಅಜ್ಜಿಯ ಕಣ್ಣಿಗೇ ಬಿತ್ತು.

"ಮುಟ್ಟಲ್ಲೇ ದೇವ್ರ ದೀಪ ಹಚ್ಚಿದ್ಯೇನೇ?"

"ಗಿಡ ಇದ್ದಿದ್ರೆ ಹೊರಗೇ ಕೂತ್ಕತಿದ್ದೆ ಅತ್ತೆಮ್ಮ" ಎಂದಳು ಚಿಕ್ಕವ್ವ.

ಚಿಕ್ಕಪ್ಪ ಹೊಡೆದ. ದಬ್ಬೇಘಟ್ಟದ ತವರಿಗೆ ಅವಳನ್ನು ಬಿಟ್ಟು ಬಂದ. ಕರೆಯಲು ಹೋಗಲಿಲ್ಲ. ಅವಳು ಮಾಡುತ್ತಿದ್ದ ಸಗಣಿ, ಮುಸುರೆ, ನೀರು ನನ್ನ ತಲೆಗೆ ಬಂತು. ಐದನೇ ಕ್ಲಾಸಿಗೆ ಸ್ಕೂಲು ಮುಗಿಯಿತು.

ಈಗ ನಾನೂ ಅಜ್ಜಿ. ನನ್ನ ಸೊಸೆ ಆ ದಿನಗಳಲ್ಲಿ ಒಳಗೇ ಓಡಾಡುತ್ತಾಳೆ. ಒಳ್ಳೆಯದೇ. ಆದರೆ ಆಗ ಜೊತೆಗೆ ಆಡಲಿಕ್ಕೆ ಅಂತ ನನಗಿದ್ದವಳು ಚಿಕ್ಕವ್ವ ಒಬ್ಬಳು. ಬದುಕಿದ್ದಾಳೋ ಸತ್ತಳೋ, ನೋಡಿ ಬರೋಣವೆಂದು ನಮ್ಮನೆಯವರು ಯಾರೂ ದಬ್ಬೇಘಟ್ಟದ ಬಸ್ಸು ಹತ್ತಲಿಲ್ಲ.