ವನವಾಸದ ತರ್ಜುಮೆ

ಟ್ರಂಕಿನಲ್ಲಿ ರೇಶನ್ ಕಾರ್ಡು ಹುಡುಕುತ್ತಿದ್ದಾಗ ನನ್ನ ಹಿಂದಿ ಪರೀಕ್ಷೆಯ ಸರ್ಟಿಫಿಕೇಟು ಸಿಕ್ಕಿತು. ಹುಳ ತಿಂದಿದೆ. ಪಾಪ, ಅದಕ್ಕೂ ಹಿಂದಿ ಪೂರ್ತಿ ಜೀರ್ಣವಾಗಿಲ್ಲ. 'ಮೂರನೆಯ ದರ್ಜೆ' ಎಂಬಷ್ಟನ್ನು ಹಾಗೇ ಬಿಟ್ಟಿದೆ.

ಈ ಕಾಗದದ ಬಲದಿಂದಲೇ ಎಂಬತ್ತರ ದಶಕದಲ್ಲಿ ನಾನು ದಾಂಡೇಲಿಯ ನಮ್ಮ ಕಾಲೊನಿಗೆ ಹಿಂದಿ ಪಂಡಿತನಾಗಿದ್ದೆ. ಹಾಳೂರಿಗೆ ಉಳಿದವನೇ ಗೌಡ, ಅಷ್ಟೇ. ಧಾರವಾಡ, ಬೆಳಗಾವಿ ಕಡೆಯಿಂದ ಕಾಗದದ ಕಾರ್ಖಾನೆಗೆ ಬಂದ ನಮಗೆಲ್ಲ ಕ್ಲಬ್ಬಿನಲ್ಲಿ ಒಂದೇ ಟೀವಿ. ಕೆಂಪುಕೋಟೆಯಿಂದ ಪ್ರಧಾನಿಗಳ ವರ್ಷದ ಭಾಷಣ ಬಂದರೆ ನಾನು ಪಕ್ಕದಲ್ಲಿ ನಿಂತು ಕನ್ನಡ ಮಾಡಿ ಹೇಳುತ್ತಿದ್ದೆ. ತಿಳಿಯದ ಕಡೆ ನೀರಾವರಿ, ರಸ್ತೆ, ಏಕತೆ ಎಂದು ತುಂಬಿಸುತ್ತಿದ್ದೆ. ಭಾಷಣದಲ್ಲಿ ಅವು ಹೇಗೂ ಇರುತ್ತವೆ, ನೀವೇ ಹೇಳಿ.

ಒಂದು ವರ್ಷ ಚುನಾವಣೆ ಬಂತು, ಎಲ್ಲ ಪಕ್ಷಗಳಿಗೂ ಟೀವಿಯಲ್ಲಿ ಮಾತಾಡಲು ಸಮಯ ಸಿಕ್ಕಿತು. ಕೆಂಪುಕೋಟೆಯ ಮಾತಿಗೆ ವಿರೋಧ ಪಕ್ಷದವರು ಟೀವಿಯಲ್ಲೇ ಉತ್ತರ ಕೊಡುತ್ತಾರೆಂದು ಒಂದು ಸಂಜೆ ಕ್ಲಬ್ಬು ತುಂಬಿತು. ಆ ಮುಖಂಡರ ಹಿಂದಿಯೋ, ರೈಲಿನ ಓಟ. ನನಗೆ ಒಂದು ಸಾಲೂ ತಿಳಿಯಲಿಲ್ಲ. ಅಷ್ಟರಲ್ಲಿ 'ವನವಾಸಿ' ಎಂಬ ಶಬ್ದ ಕಿವಿಗೆ ಬಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ!

"ರಾಮ ವನವಾಸ ಮಾಡಿದಂಗ ನಾವೂ ಅಧಿಕಾರ ಇಲ್ಲದ ವನವಾಸ ಮಾಡೇವಿ ಅಂತಾರ" ಎಂದೆ. ಚಪ್ಪಾಳೆ ಬಿತ್ತು.

"ರಾಮನ ಸುದ್ದಿ ಅಲ್ಲರೀ ಸರ. ನಮ್ಮ ಸುದ್ದಿ."

ಹಾಗೆಂದವಳು ಬಾಗಿಲ ಬಳಿ ಕೂತಿದ್ದ ಹುಸೇನಬಿ. ಸಾಂಬ್ರಾಣಿ ಊರಿನ ಕಡೆಯ, ಅಡವಿಯ ಸಿದ್ದಿ ಜನಾಂಗದ ಹೆಂಗಸು, ಕಾರ್ಖಾನೆಯಲ್ಲಿ ಬಿದಿರು ಹೊರುವವಳು. ಅವಳ ಮನೆಮಾತು ಉರ್ದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಬರೀ ಚಿತ್ರ ನೋಡಲು ಬರುತ್ತಾಳೆಂದುಕೊಂಡಿದ್ದೆ.

"ಅಡವ್ಯಾಗಿರೋ ಮಂದಿಗೆ ಅವರು ಉಳೋ ಭೂಮಿಗೆ ಪಟ್ಟಾ ಕೊಡ್ತೇವಿ ಅಂದ್ರು. ನಮ್ದೂ ಎರಡು ಎಕರೆ ಐತಿ, ಪಟ್ಟಾ ಇಲ್ಲ. ಯಾವತ್ತ ಎಬ್ಬಸ್ತಾರೋ ಅಂತ ಜೀವ ಹಿಡಕೊಂಡ ಕುಂತೇವಿ."

ಜಮಖಾನೆಯ ಮೇಲಿದ್ದವರೆಲ್ಲ ಅವಳ ಕಡೆ ತಿರುಗಿ ಕೂತರು. ಮಾನ ಉಳಿಸಿಕೊಳ್ಳಲು ನಾನು ದಬಾಯಿಸಿದೆ: "ಇಷ್ಟು ತಿಳೀತಿದ್ರ, ಪ್ರಧಾನಿ ಮಾತಾಡಿದಾಗ ಯಾಕ ಸುಮ್ಮನಿದ್ದಿ?"

"ಆವಾಗ ನಮ್ಮ ಸುದ್ದಿ ಬರಲಿಲ್ಲಲ್ಲರೀ. ನೀವು ಏನ ಹೇಳಿದ್ರೂ ನಡೀತಿತ್ತು."

ಯಾರೋ ಕಿಸಕ್ಕೆಂದರು. ನಾನು ಕುರ್ಚಿ ಹುಡುಕಿ ಕೂತೆ. ಉಳಿದ ಭಾಷಣವನ್ನು ಅವಳೇ ಕನ್ನಡ ಮಾಡಿದಳು, ನೀರಾವರಿ ಎಲ್ಲೂ ಬರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಅವಳಿಗೆ ಮುಖ ತಪ್ಪಿಸಿ ಓಡಾಡಿದೆ. ಪಟ್ಟಾ ಬಂತೇ ಎಂದು ಒಮ್ಮೆಯೂ ಕೇಳಲಿಲ್ಲ. ನಗೆಪಾಟಲಾದದ್ದನ್ನು ಎಂದೋ ಮರೆತೆ. ಕೇಳದೆ ಹೋದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಮೊನ್ನೆ ಟೀವಿಯಲ್ಲಿ ಯಾರದೋ ಹಿಂದಿ ಭಾಷಣ. "ಏನಂತಾರ್ರೀ?" ಎಂದು ಹೆಂಡತಿ ಕೇಳಿದಳು.

"ನನಗ ತಿಳೀಲಿಲ್ಲ" ಎಂದೆ.

ಅವಳು ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು.