ಮರಿಗಳು ಕಣ್ಣು ಬಿಡುವವರೆಗೆ

ಬೆಕ್ಕನ್ನು ಕೊಂದವರು ನನ್ನ ಗಂಡ. ಅದರ ಮರಿಗಳ ಬಾಣಂತನ ಮಾಡಿದವಳು ನಾನು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದ ಮಾತಿದು; ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಅವರು ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಒಂದು ಬಸ್ಸಿನ ಡ್ರೈವರಾಗಿದ್ದರು. ನಮ್ಮದು ನರಿಮೊಗರಿಗೆ ಹೋಗುವ ದಾರಿಯಲ್ಲಿ ಒಂದು ಬಾಡಿಗೆ ಮನೆ. ಒಂದು ಬೆಳಿಗ್ಗೆ ಗಂಜಿ ಉಂಡು ಶೆಡ್ಡಿಗೆ ಹೋದವರು ಸ್ವಲ್ಪ ಹೊತ್ತಿನಲ್ಲೇ ತಿರುಗಿ ಬಂದರು. ಹೆಗಲ ಮೇಲಿರಬೇಕಾದ ಬೈರಾಸು ಗಂಟಾಗಿ ಕೈಯಲ್ಲಿತ್ತು. ಬಿಚ್ಚಿ ನೋಡಿದರೆ ಕಣ್ಣು ಮುಚ್ಚಿಕೊಂಡ ಮೂರು ಬೆಕ್ಕಿನ ಮರಿಗಳು. ಎರಡು ಪಟ್ಟೆಯವು, ಒಂದು ಪೂರ್ತಿ ಕಪ್ಪು. ಬಸ್ಸು ಹಿಂದಕ್ಕೆ ತೆಗೆಯುವಾಗ ಚಕ್ರದ ಅಡಿಯಲ್ಲಿ ಮಲಗಿದ್ದ ತಾಯಿ ಸತ್ತಿತ್ತು.

ಬೆಕ್ಕು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂದು ನಮ್ಮಲ್ಲಿ ಹೇಳುವುದುಂಟು. ನಮ್ಮ ಮನೆಯಲ್ಲಿದ್ದ ಚಿನ್ನ ನನ್ನ ಕಿವಿಯ ತೂತು ಮುಚ್ಚಲಿಕ್ಕೆ ಮಾತ್ರ ಸಾಕಾಗುತ್ತಿತ್ತು. ಹಾಗಾಗಿ ಇವರು ಬೇರೆ ದಾರಿ ಹುಡುಕಿಕೊಂಡಿದ್ದರು.

"ಈ ಮೂರೂ ಬದುಕಿ ಕಣ್ಣು ಬಿಡುವವರೆಗೆ ನಾನು ಸ್ಟೇರಿಂಗ್ ಮುಟ್ಟುದಿಲ್ಲ. ದೈವಕ್ಕೆ ಹೇಳಿ ಆಯ್ತು" ಎಂದರು.

"ದೈವಕ್ಕೆ ಹೇಳುವ ಮೊದಲು ನನ್ನತ್ರ ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

ಅವರು ಹೋಗಿ ಜಗಲಿಯಲ್ಲಿ ಕೂತರು. ಮರಿಗಳನ್ನು ಮುಟ್ಟಲೂ ತಯಾರಿರಲಿಲ್ಲ. ತನ್ನದು ಪಾಪದ ಕೈಯಂತೆ. ಆ ಪಾಪದ ಕೈಗೆ ಊಟದ ಬಟ್ಟಲು ಹಿಡಿಯಲು ಮಾತ್ರ ಯಾವ ತೊಂದರೆಯೂ ಇರಲಿಲ್ಲ.

ಬುಟ್ಟಿಗೆ ಹಳೆಯ ಸೀರೆ ಹಾಸಿ ಬಚ್ಚಲ ಒಲೆಯ ಹತ್ತಿರ ಇಟ್ಟೆ. ದನದ ಹಾಲಿಗೆ ಬಿಸಿನೀರು ಬೆರೆಸಿ, ಹಳೆಯ ಮುಂಡಿನ ಬಟ್ಟೆಯನ್ನು ಬತ್ತಿ ಮಾಡಿ ಅದ್ದಿ ಚೀಪಿಸಿದೆ. ಮೂರನೆಯದಕ್ಕೆ ಕುಡಿಸಿ ಮುಗಿಸುವಾಗ ಮೊದಲಿನದ್ದು ಮತ್ತೆ ಕೂಗುತ್ತಿತ್ತು. ಕುಡಿಸಿದರೆ ಮುಗಿಯಿತೇ? ತಾಯಿ ನೆಕ್ಕದಿದ್ದರೆ ಅವಕ್ಕೆ ಉಚ್ಚೆಯೂ ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಹಿಂದೆ ಒರೆಸುತ್ತ ಕೂರಬೇಕು. ನನ್ನ ಅನ್ನ ಎಷ್ಟು ಸಲ ಸೀದಿತೋ ಲೆಕ್ಕವಿಲ್ಲ. ಜಗಲಿಯಿಂದ ಒಂದೇ ಪ್ರಶ್ನೆ ಬರುತ್ತಿತ್ತು: "ಕಣ್ಣು ಬಿಟ್ಟಿತಾ?"

ಒಂದು ವಾರ ಕಳೆಯುವುದರೊಳಗೆ ಕಂಡಕ್ಟರು ಬಂದ. "ಧಣಿಗಳು ಬೇರೆ ಡ್ರೈವರನ್ನು ನೋಡ್ತಾ ಇದ್ದಾರೆ ಮಾರಾಯ್ರೆ. ಈ ವಾರ ಬಾರದಿದ್ದರೆ ಮತ್ತೆ ಬರುದೇ ಬೇಡ ಅಂದಿದ್ದಾರೆ." ಇವರು ಜಗಲಿ ಬಿಟ್ಟು ಏಳಲಿಲ್ಲ. ನಮ್ಮ ಒಲೆ ಉರಿಯುವುದೋ ನಂದುವುದೋ ಎಂಬುದು ನನ್ನ ಮುಷ್ಟಿಯಷ್ಟೂ ಇಲ್ಲದ ಮೂರು ಪ್ರಾಣಿಗಳ ರೆಪ್ಪೆಯ ಮೇಲೆ ನಿಂತಿತ್ತು.

ಮರುದಿನ ಬೆಳಿಗ್ಗೆ ಬುಟ್ಟಿಗೆ ಕೈ ಹಾಕಿದಾಗ ಕಪ್ಪು ಮರಿ ತಣ್ಣಗಿತ್ತು.

ಹಿತ್ತಿಲ ಕರಿಬೇವಿನ ಗಿಡದ ಬುಡದಲ್ಲಿ ಅದನ್ನು ಮಣ್ಣು ಮಾಡಿದೆ. ಅಲ್ಲೇ ಕೂತು ಅತ್ತುಬಿಟ್ಟೆ. ಬೆಕ್ಕಿಗಾಗಿ ಅತ್ತೆನೋ ಕೆಲಸಕ್ಕಾಗಿ ಅತ್ತೆನೋ ನನಗೇ ಗೊತ್ತಾಗಲಿಲ್ಲ. ಮುಖ ತೊಳೆದುಕೊಂಡು ನೆರೆಯ ಬ್ಯಾರಿ ಮನೆಯ ಉಮ್ಮನ ಹತ್ತಿರ ಹೋಗಿ ಎಲ್ಲ ಹೇಳಿದೆ.

"ನಮ್ಮ ಬೆಕ್ಕು ಮರಿ ಹಾಕಿ ಎಲ್ಲಿ ಅಡಗಿಸಿತ್ತೋ ಗೊತ್ತಿರಲಿಲ್ಲ ಮಗಳೇ. ಇವತ್ತು ತಾನಾಗಿ ಅಟ್ಟದಿಂದ ಇಳಿಸಿ ತಂದಿದೆ" ಎಂದರು ಉಮ್ಮ. "ಅದರಲ್ಲಿ ಒಂದು ಕಪ್ಪು ಉಂಟು, ಇನ್ನೂ ಕಣ್ಣು ಬಿಟ್ಟಿಲ್ಲ. ತಕೊಂಡು ಹೋಗು."

ಕಪ್ಪೇ, ಆದರೆ ಬಾಲದ ತುದಿ ಬೆಳ್ಳಗೆ. ಸೆರಗಿನಲ್ಲಿ ಮುಚ್ಚಿ ತಂದು, ದೀಪದ ಮಸಿಗೆ ಎಣ್ಣೆ ಕಲಸಿ ಬಾಲಕ್ಕೆ ಹಚ್ಚಿದೆ. ಮಧ್ಯಾಹ್ನಕ್ಕೆ ಉಮ್ಮನ ಬೆಕ್ಕು ಮರಿಯನ್ನು ಹುಡುಕಿಕೊಂಡು ನಮ್ಮ ಬಚ್ಚಲಿಗೆ ಬಂತು. ಬುಟ್ಟಿಯಲ್ಲಿ ಮಲಗಿ ಮೂರಕ್ಕೂ ಹಾಲು ಕೊಟ್ಟಿತು, ಮೂರನ್ನೂ ನೆಕ್ಕಿತು. ನಾನು ಬತ್ತಿ ಹಿಡಿದುಕೊಂಡು ನಿಂತಿದ್ದೆ. ಈ ಮಹಾರಾಯ್ತಿಗೆ ಒಂದು ವಾರ ಮೊದಲು ಅಟ್ಟ ಇಳಿಯಲು ಏನಾಗಿತ್ತು?

ಧಣಿಗಳು ಹೇಳಿದ ವಾರ ಮುಗಿಯುವ ಮುನ್ನ ಮೂರೂ ಕಣ್ಣು ಬಿಟ್ಟವು. ಇವರು ಬಂದು ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಕಪ್ಪು ಮರಿಯನ್ನು ತುಸು ಹೆಚ್ಚೇ ಹೊತ್ತು ನೋಡಿದರು.

"ಇದು ದಪ್ಪ ಆಗಿದೆ" ಎಂದರು.

"ಹಾಲು ಕುಡಿದರೆ ದಪ್ಪ ಆಗದೆ ಎಂತ ಆಗುದು?"

ಮರುದಿನ ಬಸ್ಸಿಗೆ ಹೋದರು. ಕೆಲಸ ಉಳಿಯಿತು. ನನ್ನ ಕೆಲಸ ಮಾತ್ರ ಮುಗಿಯಲಿಲ್ಲ. ಮಸಿ ಹಚ್ಚಿದಷ್ಟೂ ಆ ಬೆಕ್ಕು ನೆಕ್ಕಿ ತೆಗೆಯುತ್ತಿತ್ತು. ಇವರು ಮನೆಗೆ ಬರುವ ಹೊತ್ತಿಗೆ ದಿನವೂ ಹೊಸದಾಗಿ ಹಚ್ಚಬೇಕು. ನನ್ನ ಬೆರಳು, ಸೆರಗು, ಬಾಗಿಲ ಚೌಕಟ್ಟು ಎಲ್ಲ ಕಪ್ಪು. ಸಾಕಿ ಸಾಕಾಗಿ ಹೋಯಿತು.

ಒಂದು ಸಂಜೆ ಅವರು ಸುಳ್ಯದಿಂದ ಬಂದವರೇ ನನ್ನ ಮುಂದೆ ಒಂದು ಕಾಡಿಗೆ ಡಬ್ಬಿ ಇಟ್ಟರು.

"ನಾನು ಕಾಡಿಗೆ ಹಚ್ಚುದುಂಟಾ? ಎಂತಕ್ಕೆ ತಂದದ್ದು?"

"ನಿನಗಲ್ಲ, ಬಾಲಕ್ಕೆ. ದೀಪದ ಮಸಿ ನಿಲ್ಲುದಿಲ್ಲ ಮಾರಾಯ್ತಿ."

ನಾನು ಡಬ್ಬಿ ಕೈಗೆತ್ತಿಕೊಂಡೆ. "ಯಾವಾಗ ಗೊತ್ತಾಯ್ತು?"

"ಆ ದಿನ ಬಾವಿಗೆ ಅಂತ ಹಿತ್ತಿಲಿಗೆ ಬಂದಿದ್ದೆ. ನೀನು ಕರಿಬೇವಿನ ಬುಡದಲ್ಲಿ ಕೂತು ಅಳ್ತಾ ಇದ್ದೆ."

"ಮತ್ತೆ ದೈವಕ್ಕೆ ಹೇಳಿದ್ದು?"

"ನೀನು ಮಾಡಿದ್ದು ದೈವಕ್ಕೂ ಕಂಡಿರ್ತದೆ. ನನಗೆ ಅಷ್ಟು ಸಾಕು ಅಂತ ಆಯ್ತು" ಎಂದು ಕಾಲು ತೊಳೆಯಲು ಹೋದರು.

ಅಷ್ಟು ದಿನ ಸುಮ್ಮನೆ ಮಸಿ ಹಚ್ಚಿಸಿದ ಮನುಷ್ಯನ ಬೆನ್ನಿಗೆ ಡಬ್ಬಿ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಮದುವೆಯಾದಂದಿನಿಂದ ಅವರು ಪೇಟೆಯಿಂದ ನನಗೆಂದು ಒಂದು ಬಳೆಯನ್ನೂ ತಂದವರಲ್ಲ; ತಂದದ್ದು ಬೆಕ್ಕಿನ ಬಾಲಕ್ಕೆ. ಮರುದಿನ ಅವರು ಬಸ್ಸಿಗೆ ಹೊರಡುವ ಮೊದಲು ಆ ಕಾಡಿಗೆಯನ್ನು ನನ್ನ ಕಣ್ಣಿಗೇ ಹಚ್ಚಿಕೊಂಡು ಗಂಜಿ ಬಡಿಸಿದೆ. ಕಪ್ಪು ಮರಿ ಬಿಳಿ ತುದಿಯ ಬಾಲದಲ್ಲೇ ಮನೆಯೆಲ್ಲ ಓಡಾಡಿತು.