ಎರಡನೆಯ ಡಾಕ್ಟರಿಗೆ ಹೇಳದ ಮಾತು

ಅಕ್ಕಾ, ಇಷ್ಟು ವರ್ಷ ನೀನು ತಪ್ಪು ಮನುಷ್ಯನನ್ನು ಶಪಿಸಿದ್ದೀಯ. ಭಾವನಿಗೆ ಇಂಜೆಕ್ಷನ್ ಕೊಟ್ಟ ಡಾಕ್ಟರಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಬೇಕೆಂದೇ ಮುಚ್ಚಿಟ್ಟೆ.

ಅದಿರಿನ ಸುಗ್ಗಿಯ ಕಾಲ. ಹಳೆಯ ಲಾರಿ ಕೊಂಡು, ಮಾರಿ ನಾನು ಮನುಷ್ಯನಾದವನು. ಅಂದು ಸಂಡೂರಿನಲ್ಲಿ ಲೋಡಿನ ಮೇಲೆ ಟಾರ್ಪಾಲು ಬಿಗಿಸುತ್ತಿದ್ದ ಭಾವ ಇದ್ದಕ್ಕಿದ್ದಂತೆ ಎದೆ ಹಿಡಿದು ಕೂತರು. ಬೆನ್ನಿನವರೆಗೂ ಸೀಳಿದಂಥ ನೋವು ಎಂದರು. ಜೀಪಿನಲ್ಲಿ ಹೊಸಪೇಟೆಗೆ ಕರೆತಂದೆ. ಮೊದಲ ಡಾಕ್ಟರು ಎರಡೂ ಕೈಯಲ್ಲಿ ಬಿಪಿ ನೋಡಿದರು, ಮತ್ತೆ ನೋಡಿದರು. ನನ್ನನ್ನು ಹೊರಗೆ ಕರೆದರು.

“ಎರಡೂ ಕೈಯಾಗ ಬಿಪಿ ಭಾಳ ಬ್ಯಾರೆ ಐತ್ರಿ. ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಒಳಗ ಸೀಳಿರಬೌದು. ಜಲ್ದಿ ಬಳ್ಳಾರಿಗೆ ಒಯ್ದು ಸ್ಕ್ಯಾನ್ ಮಾಡಸ್ರಿ, ಆಪರೇಷನ್ನಿಗೆ ಬೆಂಗಳೂರು. ಹಾರ್ಟ್ ಅಟ್ಯಾಕ್ ಅಂದ್ಕೊಂಡು ರಕ್ತ ತೆಳು ಮಾಡೋ ಔಷಧ ಮಾತ್ರ ಯಾರೂ ಕೊಡಬಾರ್ದು, ನೆನಪಿಡ್ರಿ.”

ಬೆಂಗಳೂರು ಎಂದ ಕೂಡಲೇ ನನ್ನೊಳಗಿನ ವ್ಯಾಪಾರಿ ಎಚ್ಚೆತ್ತ. ಮೊದಲನೆಯವರು ಯಾವಾಗಲೂ ಏರಿಸಿಯೇ ಹೇಳುತ್ತಾರೆ... ಜೀಪನ್ನು ಇನ್ನೊಂದು ಆಸ್ಪತ್ರೆಗೆ ತಿರುಗಿಸಿದೆ. ಬೆವರುತ್ತಿದ್ದ ಭಾವ ಆಗಲೂ ನಕ್ಕರು: “ಏನಲೇ, ನನ್ನ ರೋಗಕ್ಕೂ ಎರಡು ಅಂಗಡಿ ತಿರಗಸ್ತೀ ಏನು?”

ಲಾರಿಯನ್ನು ಮೆಕ್ಯಾನಿಕ್ಕಿಗೆ ತೋರಿಸುವಾಗ ಮೊದಲನೆಯವನ ಮಾತನ್ನು ಎರಡನೆಯವನ ಮುಂದೆ ನಾವು ಬಾಯಿಬಿಡುವುದಿಲ್ಲ — ಬಿಟ್ಟರೆ ಅವನೂ ಅದನ್ನೇ ಹಾಡುತ್ತಾನೆ. ಆ ಎರಡನೆಯ ಡಾಕ್ಟರು ಕೇಳಿದ್ದರು, ಅಕ್ಕಾ. ಮೊದಲು ಯಾರಿಗಾದರೂ ತೋರಿಸಿದ್ದೀರಾ ಎಂದು ಬಾಯಿಬಿಟ್ಟು ಕೇಳಿದ್ದರು.

“ಇಲ್ರಿ, ಸೀದಾ ಇಲ್ಲಿಗೇ ಬಂದೀವಿ” ಎಂದೆ.

ಭಾವ ಮಲಗಿದಲ್ಲಿಂದಲೇ ನನ್ನತ್ತ ನೋಡಿದರು. ಇವನು ಏನೋ ಯೋಚನೆ ಮಾಡಿರಬೇಕು ಎಂದು ನಂಬಿದರೋ ಏನೋ —

ಹೃದಯಾಘಾತವೆಂದೇ ತಿಳಿದು ಅವರು ರಕ್ತ ತೆಳು ಮಾಡುವ ಇಂಜೆಕ್ಷನ್ ಕೊಟ್ಟರು. ನಾನು ಸಿರಿಂಜನ್ನೇ ನೋಡುತ್ತಾ ನಿಂತಿದ್ದೆ. ಯಾವ ಔಷಧ ಎಂದು ಕೇಳಿದ್ದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಕೇಳಲಿಲ್ಲ. ಹೊತ್ತು ಮುಳುಗುವುದರೊಳಗೆ ಭಾವ ಹೋದರು.

ಬಳ್ಳಾರಿಗೆ ಒಯ್ದಿದ್ದರೂ ಹಾದಿಯಲ್ಲೇ ಹೋಗಿಬಿಡುತ್ತಿದ್ದರೇನೋ — ಇರಬಹುದು. ಆ ಮಾತಿನ ಹಿಂದೆ ಅಡಗಲಾರೆ.

ಈಗ ಯಾರ ಮನೆಯಲ್ಲಿ ಕಾಯಿಲೆಯಾದರೂ ನಾನು ಬುದ್ಧಿ ಹೇಳುತ್ತೇನೆ: ಬೇಕಾದರೆ ಇಬ್ಬರಿಗೆ ತೋರಿಸಿ, ಆದರೆ ಮೊದಲಿನವರು ಹೇಳಿದ್ದನ್ನೆಲ್ಲ ಎರಡನೆಯವರಿಗೆ ಬಿಚ್ಚಿ ಹೇಳಿ. ಒಳ್ಳೆಯ ಮಾತು ಎನ್ನುತ್ತಾರೆ. ಎಲ್ಲಿ ಕಲಿತೆ ಎಂದು ಯಾರೂ ಕೇಳಿಲ್ಲ.

ನೀನು ಆ ಡಾಕ್ಟರನ್ನು ಶಪಿಸಿದಾಗಲೆಲ್ಲ ಪಕ್ಕದಲ್ಲಿ ಕೂತು ತಲೆಯಾಡಿಸಿದ್ದೇನೆ. ನಾಳೆ ಅವರ ಮನೆಗೆ ಹೋಗಿ ಇದನ್ನೇ ಹೇಳುತ್ತೇನೆ. ಅಲ್ಲಿಂದ ನಿನ್ನಲ್ಲಿಗೆ ಬರುತ್ತೇನೆ. ಇನ್ನು ಶಪಿಸುವಾಗ ನನ್ನ ಹೆಸರು ಹಿಡಿದೇ ಶಪಿಸು, ಅಕ್ಕಾ. ಎದುರಿಗೇ ಕೂತಿರುತ್ತೇನೆ.